ಟಿಎಸ್‌ಎಚ್ ಆಗದೆ ಮಗು ಆಸ್ಪತ್ರೆ ಗೇಟು ದಾಟಬಾರದು

ನಮಸ್ಕಾರ. ಹೋದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: ಮಗು ಗುಂಡುಗುಂಡಗೆ ಚೆನ್ನಾಗಿದೆ, ಹುಟ್ಟಿ ಮೂರು ದಿನ ಆಗಿಲ್ಲ, ಅದರ ಹಿಮ್ಮಡಿಗೆ ಚುಚ್ಚಿ ಥೈರಾಯ್ಡ್ ನೋಡೋದು ಬಿಲ್ ಏರಿಸೋ ಹುನ್ನಾರವಂತೆ. ಅದಕ್ಕೆ ರಾಶಿ ಲೈಕು ಬೇರೆ. ಆ ಲೈಕುಗಳನ್ನ ನೋಡಿಯೇ ಇವತ್ತು ಮೈಕ್ ಮುಂದೆ ಕೂತಿರೋದು. ಆ ಪರೀಕ್ಷೆಯ ಹೆಸರೇ ಟಿಎಸ್‌ಎಚ್: ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳೋ ಹಾರ್ಮೋನನ್ನ ಅಳೆಯೋದು. ಗ್ರಂಥಿ ಕೆಲಸ ಮಾಡದಿದ್ದರೆ ಇದು ಏರುತ್ತೆ.

ಚೆನ್ನಾಗಿ ಕಾಣುತ್ತೆ ಸ್ವಾಮಿ, ತೊಂದರೆ ಇರೋದೇ ಅಲ್ಲಿ. ಹುಟ್ಟಿನಿಂದಲೇ ಥೈರಾಯ್ಡ್ ಕೆಲಸ ಮಾಡದ ಮಕ್ಕಳಲ್ಲಿ ಹೆಚ್ಚಿನವಕ್ಕೆ ಮೊದಲ ದಿನಗಳಲ್ಲಿ ಎದ್ದು ಕಾಣೋ ಲಕ್ಷಣವೇ ಇರಲ್ಲ. ಮಿದುಳು ಬೆಳೆಯೋಕೆ ಥೈರಾಯ್ಡ್ ಹಾರ್ಮೋನು ಬೇಕೇ ಬೇಕು. ಹೊಟ್ಟೆಯಲ್ಲಿದ್ದಾಗ ತಾಯಿಯ ಹಾರ್ಮೋನು ಸ್ವಲ್ಪ ಮಗುವಿಗೂ ಹೋಗಿರುತ್ತೆ, ಕೆಲವು ದಿನ ಅದೇ ಕಾಪಾಡುತ್ತೆ. ಆಮೇಲೆ ಮಗು ಜಾಸ್ತಿ ನಿದ್ದೆ ಮಾಡುತ್ತೆ, ಕಡಿಮೆ ಅಳುತ್ತೆ. ಮನೆಯವರೆಲ್ಲ ಎಷ್ಟು ಸಾಧು ಕೂಸು ಅಂತ ಹಿಗ್ಗುತ್ತಾರೆ. ಕಾಮಾಲೆ ವಾರಗಟ್ಟಲೆ ಇಳಿಯಲ್ಲ, ಮಲ ಗಟ್ಟಿ, ಹೊಕ್ಕುಳು ಉಬ್ಬು, ಅಳು ಗೊಗ್ಗರು. ಇಷ್ಟೆಲ್ಲ ಕಂಡು ಡಾಕ್ಟರ ಹತ್ತಿರ ಹೋಗೋ ಹೊತ್ತಿಗೆ ಮಿದುಳು ಬೆಳೆಯೋ ಕಾಲ ಸೋರಿಹೋಗಿರುತ್ತೆ. 1972ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದ ಲೆಕ್ಕ ಕೇಳಿ: ಮೂರು ತಿಂಗಳೊಳಗೆ ಚಿಕಿತ್ಸೆ ಶುರುವಾದ ಮಕ್ಕಳ ಸರಾಸರಿ ಐಕ್ಯೂ 89. ಆರು ತಿಂಗಳು ದಾಟಿದವರದ್ದು 54.

ಅದಕ್ಕೇ ಹೇಳೋದು, ಟಿಎಸ್‌ಎಚ್ ಆಗದೆ ಮಗು ಆಸ್ಪತ್ರೆ ಗೇಟು ದಾಟಬಾರದು.

ಈ ಪರೀಕ್ಷೆಯ ಹಿಂದೆ ಇರೋದು ಸಾರ್ವಜನಿಕ ಹಣ. ಕೆನಡಾದ ಕ್ವಿಬೆಕ್‌ನಲ್ಲಿ ಜ್ಯಾನ್ ಡ್ಯೂಸೊ ಅನ್ನೋ ವೈದ್ಯರು 1970ರ ದಶಕದ ಮೊದಲಲ್ಲಿ, ಕಾಗದದ ಮೇಲೆ ಒಣಗಿದ ಒಂದು ಹನಿ ರಕ್ತದಲ್ಲೇ ಥೈರಾಯ್ಡ್ ಹಾರ್ಮೋನು ಅಳೆದು ತೋರಿಸಿದರು. ಅಲ್ಲಿನ ಸರ್ಕಾರಿ ಶಿಶು ತಪಾಸಣಾ ಜಾಲವೇ ಅದನ್ನ ಪ್ರಾಂತ್ಯಕ್ಕೆಲ್ಲ ಹರಡಿತು. ನಮ್ಮಲ್ಲಿ? ಐಸಿಎಂಆರ್, ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ನಿಮ್ಮ ತೆರಿಗೆ ದುಡ್ಡು, ದೆಹಲಿ, ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾಗಳಲ್ಲಿ ಲಕ್ಷಕ್ಕೂ ಹೆಚ್ಚು ಹಸುಗೂಸುಗಳನ್ನ ಪರೀಕ್ಷಿಸಿತು. ಸುಮಾರು 1,100 ಮಕ್ಕಳಲ್ಲಿ ಒಂದಕ್ಕೆ ಈ ತೊಂದರೆ. ಚೆನ್ನೈಯಲ್ಲಿ 700 ಚಿಲ್ಲರೆಗೆ ಒಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲೇ ಕರ್ನಾಟಕದ ಲಕ್ಷಕ್ಕೂ ಹೆಚ್ಚು ಶಿಶುಗಳ ರಕ್ತದಲ್ಲಿ ಅಮೈನೋ ಆಮ್ಲದ ದೋಷ ಅನ್ನೋ ಬೇರೊಂದು ಹುಟ್ಟುತೊಂದರೆಯನ್ನ ಹುಡುಕಿದ್ದರು. ಮಾಡೋಕೆ ಬರಲ್ಲ ಅನ್ನೋ ಮಾತಿಗೆ ಜಾಗವೇ ಇಲ್ಲ. ಆದರೂ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ಕಾಯಿಲೆಗೆ ಕೊಟ್ಟಿದ್ದು ಐಚ್ಛಿಕ ಅನ್ನೋ ಸ್ಥಾನ! ನಮ್ಮ ದುಡ್ಡು ಕೊಟ್ಟು ಉತ್ತರ ತರಿಸಿಕೊಂಡಿದ್ದೀವಿ, ಆ ಉತ್ತರ ಹೆರಿಗೆ ವಾರ್ಡಿಗೆ ಬರಬೇಡವಾ?

ಚುಚ್ಚೋದು ಹೇಗೆ ಅಂತ ನರ್ಸಿಂಗ್ ಓದ್ತಿರೋ ತುಂಬಾ ಜನ ಕೇಳಿದ್ದೀರಿ. ಹುಟ್ಟಿದ ಅರ್ಧ ಗಂಟೆಯಲ್ಲಿ ಟಿಎಸ್‌ಎಚ್ ತಾನಾಗೇ ಲೀಟರಿಗೆ 60, 80 ಮಿಲಿ ಯೂನಿಟ್ಟಿಗೆ ಜಿಗಿಯುತ್ತೆ, ಆಮೇಲೆ ಇಳಿಯುತ್ತೆ. ಹಾಗಾಗಿ 48ರಿಂದ 72 ಗಂಟೆ ನಡುವೆ ತೆಗೀರಿ. ಬೇಗ ಡಿಸ್ಚಾರ್ಜ್ ಆಗೋ ಕಡೆ ಆ ಜಿಗಿತಕ್ಕೆ ಮುಂಚೆ, ಹೆರಿಗೆ ಹೊತ್ತಲ್ಲೇ ಹೊಕ್ಕುಳಬಳ್ಳಿಯ ರಕ್ತ ತೆಗೀಬಹುದು. ಹಿಮ್ಮಡಿ ಬೆಚ್ಚಗೆ ಮಾಡಿ, ಸ್ಪಿರಿಟ್ ಹಚ್ಚಿ ಪೂರ್ತಿ ಆರಲಿ. ಹಿಮ್ಮಡಿಯ ಪಕ್ಕಕ್ಕೆ ಚುಚ್ಚಿ, ನಡುವೆ ಬೇಡ, ಅಲ್ಲಿ ಮೂಳೆ ಹತ್ತಿರ. ಮೊದಲ ಹನಿ ಒರೆಸಿ. ಎರಡನೇ ದೊಡ್ಡ ಹನಿ ಕಾಗದದ ಒಂದೇ ಬದಿಗೆ ತಾಗಿ, ಹಿಂಬದಿವರೆಗೂ ಇಳಿದು, ಅದರಲ್ಲಿ ಅಚ್ಚಾದ ವೃತ್ತ ತುಂಬಬೇಕು. ಸಾಲಲಿಲ್ಲ ಅಂತ ಅದರ ಮೇಲೇ ಇನ್ನೊಂದು ಹನಿ ಬಿಟ್ಟರೆ ಲೆಕ್ಕ ತಪ್ಪುತ್ತೆ. ಮಟ್ಟಸವಾಗಿ ಇಟ್ಟು ನೆರಳಲ್ಲಿ ಮೂರು ನಾಲ್ಕು ಗಂಟೆ ಒಣಗಿಸಿ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನವರು ಒಣಗಿದ ಮೇಲೆ ತೇವ ಹೀರೋ ಪೊಟ್ಟಣದ ಜೊತೆ ಜಿಪ್ ಕವರಿಗೆ ಹಾಕಿ. ಹೊಕ್ಕುಳಿಗೆ ಪೊವಿಡೋನ್ ಅಯೋಡಿನ್ ಸುರೀಬೇಡಿ, ಅದರಿಂದಲೂ ಟಿಎಸ್‌ಎಚ್ ತಾತ್ಕಾಲಿಕವಾಗಿ ಏರುತ್ತೆ.

ರಿಪೋರ್ಟು ಓದೋದರಲ್ಲೂ ಎಡವಟ್ಟಾಗುತ್ತೆ. ಕೆಲವು ಲ್ಯಾಬು ಪೂರ್ಣ ರಕ್ತದ ಲೆಕ್ಕ ಕೊಡ್ತವೆ, ಅದನ್ನ 2.2ರಿಂದ ಗುಣಿಸಿದರೆ ಸೀರಂ, ಅಂದ್ರೆ ರಕ್ತಕಣ ಬೇರೆಯಾದ ಮೇಲೆ ಉಳಿಯೋ ತಿಳಿಯ ಲೆಕ್ಕ. ಸೀರಂ ಲೆಕ್ಕದಲ್ಲಿ 20 ದಾಟಿದರೆ ಮರುಪರೀಕ್ಷೆ, 40 ದಾಟಿದರೆ ತಕ್ಷಣ ಕರೆಸಿ ರಕ್ತನಾಳದಿಂದ ರಕ್ತ ತೆಗೆದು ಟಿ4, ಅಂದ್ರೆ ಥೈರಾಯ್ಡ್ ಗ್ರಂಥಿಯೇ ಮಾಡೋ ಹಾರ್ಮೋನು, ಜೊತೆಗೆ ಟಿಎಸ್‌ಎಚ್. ಇಲ್ಲೇ ಎಷ್ಟೋ ಮಕ್ಕಳು ಕೈತಪ್ಪೋದು! ಕೊಟ್ಟಿರೋದು ಗಂಡನ ನಂಬರು, ಅದು ಸ್ವಿಚ್ ಆಫ್, ಬಾಣಂತಿ ತವರಲ್ಲಿ. ತಾಯಿ ಕಾರ್ಡಿನ ಮೇಲೆ ತವರಿನ ನಂಬರೂ ಬರೆಸಿ, ಆಶಾ ಕಾರ್ಯಕರ್ತೆಯ ನಂಬರೂ ಬರೆಸಿ.

ಖಚಿತವಾದರೆ ಎರಡು ವಾರದೊಳಗೆ ಮಾತ್ರೆ ಶುರುವಾಗಬೇಕು. ಗ್ರಂಥಿ ಮಾಡದ ಹಾರ್ಮೋನನ್ನ ತುಂಬಿಕೊಡೋ ಲಿವೋಥೈರಾಕ್ಸಿನ್, ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 15 ಮೈಕ್ರೋಗ್ರಾಂ. ಮೂರು ಕಿಲೋ ಮಗುವಿಗೆ 30ರಿಂದ 45. ಎಷ್ಟು ಅನ್ನೋದು ಡಾಕ್ಟರು ಬರೆದಂತೆ. ಚಮಚದಲ್ಲಿ ಪುಡಿ ಮಾಡಿ ನಾಲ್ಕು ಹನಿ ಎದೆಹಾಲಲ್ಲಿ ಕಲಸಿ ಆಗಲೇ ಕೊಡಿ. ಬಾಟಲಿ ಹಾಲಿಗೆ ಬೆರೆಸಿದರೆ ಮಗು ಅರ್ಧ ಬಿಟ್ಟಾಗ ಔಷಧವೂ ಅರ್ಧ ಹೋಯ್ತು. ಕಬ್ಬಿಣ, ಕ್ಯಾಲ್ಸಿಯಂ ಹನಿಗಳನ್ನ ಇದರ ಜೊತೆಗೆ ಕೊಡಬೇಡಿ, ಮೈಗೆ ಹತ್ತಲ್ಲ.

ಅಯೋಡಿನ್ ಉಪ್ಪು ತಿಂತೀವಲ್ಲ ಅಂತೀರಾ? ಬಹಳಷ್ಟು ಮಕ್ಕಳಿಗೆ ಗ್ರಂಥಿಯೇ ಬೆಳೆದಿರಲ್ಲ, ಇಲ್ಲಾ ಇರಬೇಕಾದ ಜಾಗದಲ್ಲಿ ಇರಲ್ಲ. ಇಲ್ಲದ ಗ್ರಂಥಿಗೆ ಎಷ್ಟು ಉಪ್ಪು ಹಾಕ್ತೀರಿ? ನಮ್ಮಜ್ಜಿ ಹತ್ತು ಹೆತ್ತರು, ಯಾರಿಗೆ ಯಾವ ಟೆಸ್ಟು ಮಾಡಿಸಿದ್ರು ಅನ್ನೋರೇ, ಅಜ್ಜಿಯ ಊರಲ್ಲಿ ಪೆದ್ದ ಅಂತ ಕರೆಸಿಕೊಂಡು ಹಟ್ಟಿಯಲ್ಲೇ ಜೀವ ತೇಯ್ದವರಿಗೆ ಯಾರಾದರೂ ಪರೀಕ್ಷೆ ಮಾಡಿದ್ದರಾ? ಸರ್ಕಾರದ ಹತ್ತಿರ ದುಡ್ಡಿಲ್ಲ ಅನ್ನೋದಂತೂ ಹೇಳಲೇಬೇಡಿ. ಪಕ್ಕದ ಕೇರಳದ ಸರ್ಕಾರಿ ಆಸ್ಪತ್ರೆಗಳು ಮಾಡ್ತಿವೆ, ಗೋವಾ 2008ರಲ್ಲೇ ಶುರುಮಾಡಿತ್ತು.

ಅಳದ ಮಗುವನ್ನ ನೋಡಿ ಖುಷಿಪಡೋ ಮುಂಚೆ ಟಿಎಸ್‌ಎಚ್ ಮಾಡಿಸಿ. ತಾಲೂಕು ಆಸ್ಪತ್ರೆಯಾಗಲಿ, ನರ್ಸಿಂಗ್ ಹೋಮಾಗಲಿ, ಟಿಎಸ್‌ಎಚ್ ಆಗದೆ ಗೇಟು ದಾಟಬೇಡಿ! ಇಲ್ಲಿ ಮಾಡಲ್ಲ ಅಂದರೆ ಎಲ್ಲಿ ಮಾಡ್ತಾರೆ ಅಂತ ಬರೆಸಿಕೊಂಡು ಹೊರಡಿ.

ಈ ಸಂಚಿಕೆಯನ್ನ ಬಸುರಿಯರಿರೋ ಪ್ರತಿ ವಾಟ್ಸಾಪ್ ಗುಂಪಿಗೂ ಕಳಿಸಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಪರೀಕ್ಷೆ ಇದೆಯಾ ಇಲ್ಲವಾ, ಊರಿನ ಹೆಸರಿನ ಜೊತೆ ಕೆಳಗೆ ಬರೀರಿ. ಮುಂದಿನ ವಾರ ಅದೇ ಐಸಿಎಂಆರ್ ಅಧ್ಯಯನ ಹುಡುಕಿದ ಇನ್ನೊಂದು ಹಾರ್ಮೋನು ದೋಷ, ಅಡ್ರಿನಲ್ ಗ್ರಂಥಿಯದ್ದು.