ಜನ ಏನಂತಾರೆ

ಕೇಳುಗರಿಗೆಲ್ಲ ನಮಸ್ಕಾರ. ಮುಂಬಯಿಯ ಚಾಳು, ಬಿಲ್ಡಿಂಗು, ಹೋಟ್ಲು, ಎಲ್ಲಿ ಕೂತು ಕೇಳ್ತಿದೀರೋ ಅಲ್ಲಿಂದ್ಲೇ ಒಂದ್ಸಲ ನಿಮ್ಮ ದೇವರ ಮಣೆ ನೆನಪು ಮಾಡ್ಕೊಳ್ಳಿ. ಊರಿಂದ ಬಂದವರ ಎಷ್ಟೋ ಮನೇಲಿ ಅಲ್ಲೊಂದು ಮುಡಿಪು ಇರುತ್ತೆ, ಅರಿಶಿನದ ಬಟ್ಟೇಲಿ ಕಟ್ಟಿದ್ದು, ಧರ್ಮಸ್ಥಳಕ್ಕೋ ತಿರುಪತಿಗೋ. ಮುಲುಂಡಿನ ನಮ್ಮ ಚಾಳಲ್ಲಿ ತಿಂಗಳ ಕೊನೆಗೆ ಅಕ್ಕಿಗೂ ಕೈಸಾಲ ಮಾಡ್ತಿದ್ವಿ, ಆದ್ರೂ ಅಮ್ಮ ಕಟ್ಟಿಟ್ಟ ಆ ಗಂಟಿಗೆ ಯಾರೂ ಕೈ ಹಾಕ್ತಿರ್ಲಿಲ್ಲ. ಹರಕೆ ತಡ ಆಯ್ತು ಅಂದ್ರೆ ಮೇಲೆ ತಪ್ಪು ಕಾಣಿಕೆ ಬೇರೆ.

ಮುಂದೆ ನಾನು ಒಂದು ಪತ್‌ಪೇಢಿಯಲ್ಲಿ ಅಂದ್ರೆ ಸಹಕಾರಿ ಸಾಲದ ಸಂಘದಲ್ಲಿ, ಸಾಲದ ಟೇಬಲಿಗೆ ಕೂತೆ, ಇಪ್ಪತ್ತೆಂಟು ವರ್ಷ. ಆರ್‌ಡಿ ಕಟ್ಟಿ, ತಿಂಗಳು ತಿಂಗಳು ಒಂದಿಷ್ಟು ಉಳಿಸಿ ಅಂತ ಜನಕ್ಕೆ ಹೇಳಿ ಹೇಳಿ ಬಾಯಿ ನೋವು ಬರ್ತಿತ್ತು, ಆರು ತಿಂಗಳು ಕಟ್ಟಿ ಮುರಿಸ್ಕೊಂಡು ಹೋಗೋರು, ಆದ್ರೆ ಅದೇ ಜನ ಮನೇಲಿ ಮುಡಿಪು ಬಿಚ್ತಿರ್ಲಿಲ್ಲ. ನಂಬಿಕೆ ಕೈ ಹಿಡಿದು ನಿಲ್ಲಿಸುತ್ತೆ ಅಂತಾರಲ್ಲ, ನಾನದನ್ನ ಪಾಸ್‌ಬುಕ್ಕಲ್ಲೇ ನೋಡಿದೀನಿ.

ಭಿಶಿನೂ ಹಂಗೇ, ನಾವು ಊರಲ್ಲಿ ಚೀಟಿ ಅಂತೀವಲ್ಲ ಅದು. ಇಪ್ಪತ್ತು ಜನ ದುಡ್ಡು ಹಾಕೋದು, ತಿಂಗಳಿಗೊಬ್ರು ಎತ್ತೋದು. ಮೊದಲ ತಿಂಗಳೇ ಎತ್ತಿದವನು ಓಡಿಹೋದ್ರೆ ಏನ್ಮಾಡ್ತೀರಿ, ಕಾಗದ ಇಲ್ಲ ಪತ್ರ ಇಲ್ಲ? ಆದ್ರೆ ಕುಂದಾಪುರದ ಕಡೆಯವನಾದ್ರೆ ಅವನ ಮನೆ ಯಾವುದು, ಅವನ ಮಾವ ಯಾರು ಎಲ್ರಿಗೂ ಗೊತ್ತಿರುತ್ತೆ, ಜಗಳ ಬಂದ್ರೆ ದೈವದ ಎದುರು ಪ್ರಮಾಣ ಮಾಡು ಅಂತಾರೆ, ಆ ಮಾತಿಗೆ ಕೋರ್ಟಿಗಿಂತ ಹೆಚ್ಚು ಹೆದರ್ತಾರೆ. ಹಂಗೆ ಎತ್ತಿದ ದುಡ್ಡಲ್ಲಿ ಕ್ಯಾಂಟೀನು ಹಾಕಿದವರು ನಂಗೇ ಗೊತ್ತು. ಅದೇ ಮುಂಬಯಿಗೆ ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಹುಡುಗ, ಅವನೂ ಕನ್ನಡದವನೇ, ಅವನನ್ನ ಆ ಭಿಶಿಗೆ ಸೇರಿಸ್ಕೊಳ್ತಿರ್ಲಿಲ್ಲ. ಅವನ ಮನೆ ಯಾರಿಗೂ ಗೊತ್ತಿಲ್ಲ. ಅವನು ತಿಂಗಳಿಗೆ ನೂರಕ್ಕೆ ಐದು ಬಡ್ಡಿಗೆ ಸಾಲ ತಗೊಂಡ. ಇದು ನಂಗೆ ಇವತ್ತಿಗೂ ಸರಿ ಅನ್ಸಿಲ್ಲ.

ಧರ್ಮದಿಂದ ದುಡ್ಡು ಬೆಳೆಯುತ್ತಾ ಕರಗುತ್ತಾ ಅಂತ ಕೇಳೋರಿಗೆ ಒಂದು ಒಳ್ಳೇ ಅಧ್ಯಯನ ಇದೆ, 2015ರಲ್ಲಿ ಪ್ರಕಟ ಆಗಿದ್ದು, ಕಂಪಾಂಟೆ ಮತ್ತೆ ಯಾನಾಗಿಜಾವಾ ಡ್ರಾಟ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರದ್ದು. ರಂಜಾನ್ ಚಾಂದ್ರಮಾನದ ತಿಂಗಳು, ವರ್ಷ ವರ್ಷ ಹಿಂದೆ ಸರಿಯುತ್ತೆ, ಹಂಗಾಗಿ ಕೆಲವು ದೇಶಗಳಲ್ಲಿ ಉಪವಾಸದ ಹೊತ್ತು ಒಂದು ಕಾಲಕ್ಕೆ ಉದ್ದ ಇನ್ನೊಂದು ಕಾಲಕ್ಕೆ ಗಿಡ್ಡ. ಹೊತ್ತು ಉದ್ದ ಆದಾಗ ಮುಸ್ಲಿಂ ದೇಶಗಳಲ್ಲಿ ಆರ್ಥಿಕ ಬೆಳವಣಿಗೆ ಕಮ್ಮಿ ಆಯ್ತು, ಅದೇ ಹೊತ್ತಿಗೆ ಜನ ತಾವು ಹೆಚ್ಚು ಸಂತೋಷವಾಗಿದೀವಿ ಅಂದ್ರು. ಏಕಾದಶಿ ಉಪವಾಸ ಮಾಡ್ತಿದ್ದ ನಮ್ಮಮ್ಮನ ಮುಖ ನೆನೆಸ್ಕೊಂಡ್ರೆ ನಂಗಿದು ಚೆನ್ನಾಗಿ ಅರ್ಥ ಆಗುತ್ತೆ.

ನನ್ನ ಟೇಬಲಿಗೆ ಬಂದ ಸಾಲದ ಅರ್ಜಿಗಳಲ್ಲಿ ಜಾಸ್ತಿ ಕಷ್ಟ ಕೊಟ್ಟಿದ್ದು ಮದುವೆ ಸಾಲ. ಒಬ್ಬರು ವೇಟರ್ ಕೆಲಸದವರು, ಮಗಳ ಮದುವೆಗೆ ಐದು ವರ್ಷದ ಸಂಬಳ ಅಡ ಇಟ್ಟು ಎಂಟುನೂರು ಎಲೆ ಊಟ ಹಾಕಿಸ್ತೀನಿ ಅಂದ್ರು. ಯಾಕಣ್ಣಾ ಅಂದೆ. ನಂಗೇನೂ ಬೇಡ ಅಕ್ಕಾ, ಜನ ಏನಂತಾರೆ ಅಂದ್ರು. ಆಮೇಲೆ ಗಂಡಿನ ಕಡೆಯವರೂ ನಮ್ಮಲ್ಲೇ ಸಾಲಕ್ಕೆ ಬಂದ್ರು, ಅವರೂ ಅದೇ ಮಾತು, ನಮಗೇನೂ ಬೇಡ ಆದ್ರೆ ಜನ. ಇಬ್ರೂ ಒಳಗೊಳಗೇ ಸಣ್ಣ ಮದುವೆ ಸಾಕು ಅಂದ್ಕೊಂಡವರು, ಒಬ್ಬರಿಗೊಬ್ರು ಹೇಳ್ಕೊಳ್ಳದೆ ಇಬ್ರೂ ಸಾಲಗಾರರಾದ್ರು.

ಇದನ್ನ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಅಳೆದೇ ನೋಡಿದಾರೆ, 2020ರಲ್ಲಿ ಪ್ರಕಟ ಆಯ್ತು. ಮದುವೆಯಾದ ಸುಮಾರು 500 ಯುವಕರನ್ನ ಗುಟ್ಟಾಗಿ ಕೇಳಿದ್ರು, ಹೆಂಗಸರು ಹೊರಗೆ ಕೆಲಸಕ್ಕೆ ಹೋಗಬಹುದಾ ಅಂತ. ಬಹುಪಾಲು ಜನ ಹೋಗ್ಲಿ ಅಂದ್ರು. ಉಳಿದವರು ಏನಂತಾರೆ ಅಂತ ಕೇಳಿದ್ರೆ, ಒಪ್ಪೋರು ನಿಜಕ್ಕಿಂತ ಕಮ್ಮಿ ಅಂತ ತಿಳ್ಕೊಂಡವರೇ ಹೆಚ್ಚು. ಅರ್ಧ ಜನಕ್ಕೆ ನಿಜ ಲೆಕ್ಕ ತೋರಿಸಿದ್ರು ಅಷ್ಟೇ. ಕೆಲವು ತಿಂಗಳಾದ್ಮೇಲೆ ನೋಡಿದ್ರೆ, ಲೆಕ್ಕ ತಿಳೀದವರ ಮನೇಲಿ ಹೊರಗಿನ ಕೆಲಸಕ್ಕೆ ಅರ್ಜಿ ಹಾಕಿದ ಹೆಂಡತಿಯರು ನೂರಕ್ಕೆ ಸುಮಾರು 6, ತಿಳಿದವರ ಮನೇಲಿ ಸುಮಾರು 16. ಯಾರ ಧರ್ಮವೂ ಬದಲಾಗ್ಲಿಲ್ಲ, ಪಕ್ಕದ ಮನೆಯವರ ಮನಸ್ಸು ಗೊತ್ತಾಯ್ತು ಅಷ್ಟೇ.

ಇದನ್ನ ಓದಿದ ಮೇಲೆ ನಂಗೆ ಸುಮ್ನಿರೋಕಾಗ್ಲಿಲ್ಲ. ನಮ್ಮ ಬಿಲ್ಡಿಂಗಲ್ಲಿ ಬಿಕಾಂ ಮಾಡಿದ ಸೊಸೆಯಂದಿರು ನಾಲ್ಕು ಜನ ಮನೇಲೇ ಇದಾರೆ, ಅತ್ತೆಯಂದಿರು ಒಬ್ಬೊಬ್ರೇ ಸಿಕ್ಕಾಗ ನನ್ನ ಹತ್ರ ಹೇಳೋದು ಒಂದೇ, ನಂಗೇನೂ ಅಭ್ಯಂತರ ಇಲ್ಲಪ್ಪಾ, ಬಿಲ್ಡಿಂಗಿನವರು ಆಡ್ಕೊಳ್ತಾರೆ ಅಂತ. ಈ ಸಂಕ್ರಾಂತಿಗೆ ಅರಿಶಿನ ಕುಂಕುಮಕ್ಕೆ ಎಲ್ರೂ ಸೇರಿದಾಗ ಎಳ್ಳುಂಡೆ ಕೈಗೆ ಕೊಡ್ತಾ ಕೊಡ್ತಾ ನೇರವಾಗಿ ಕೇಳ್ಬಿಟ್ಟೆ, ಯಾರದ್ದಾದ್ರೂ ಸೊಸೆ ಕೆಲಸಕ್ಕೆ ಹೋದ್ರೆ ನಿಮ್ಮಲ್ಲಿ ಯಾರಿಗೆ ಬೇಜಾರಾಗುತ್ತೆ, ಕೈ ಎತ್ತಿ. ಒಂದು ಕೈನೂ ಮೇಲೆ ಬರ್ಲಿಲ್ಲ. ಎರಡನೇ ಮಾಳಿಗೆಯ ಅಜ್ಜಿ ತನ್ನ ಸೊಸೆ ಕಡೆ ತಿರುಗಿ, ನಾಳೆನೇ ಅರ್ಜಿ ಹಾಕೇ, ಮಗೂನ ನಾನು ನೋಡ್ಕೊಳ್ತೀನಿ ಅಂದ್ರು.