ಟಕೀಲಾ, ಅಮಾರೊ ಮತ್ತು ಕಾರವಾರದ ಐಸು

ಎಲ್ಲರಿಗೂ ನಮಸ್ಕಾರ.

ಕುಡಿಯೋ ವಿಷಯ ತೆಗೆದರೆ ನಮ್ಮ ಕಾರವಾರದಲ್ಲಿ ಮಾತು ಬೇಗ ಗೋವಾದ ರೇಟಿಗೆ ಹೋಗಿಬಿಡುತ್ತದೆ. ಇವತ್ತು ರೇಟು ಬೇಡ, ರುಚಿ ಮಾತಾಡೋಣ. ಒಂದೇ ಎಚ್ಚರಿಕೆ: ಪರ್ಮಿಟ್ ಇಲ್ಲದೆ ಮಾಜಾಳಿ ಚೆಕ್‌ಪೋಸ್ಟ್ ದಾಟಿಸಿ ಬಾಟಲಿ ತರುವುದು ಅಪರಾಧ. ಇಲ್ಲೇ ಬಿಲ್ ಹಾಕಿಸಿ ಕೊಳ್ಳಿ.

ನಾನು ಹೇಳಹೊರಟಿರುವುದು ಕಹಿ-ಸಿಹಿ ಕಾಕ್‌ಟೇಲ್ ಒಂದನ್ನು. 45 ಎಂಎಲ್ ಟಕೀಲಾ (ಅಗಾವೆ ಗಿಡದಿಂದ ಮಾಡೋ ಮೆಕ್ಸಿಕೊದ ಮದ್ಯ), 25 ಎಂಎಲ್ ಅಮಾರೊ, ಎರಡು ಹನಿ ಉಪ್ಪುನೀರು, ಒಂದು ತುಂಡು ಕಿತ್ತಳೆ ಸಿಪ್ಪೆ. ಅಳತೆ ಮಾಡೋಕೆ ಔಷಧಿ ಬಾಟಲಿಯ ಗೆರೆ ಇರೋ ಮುಚ್ಚಳ ಸಾಕು, ಚೆನ್ನಾಗಿ ತೊಳೆದಿರಲಿ.

ಅಮಾರೊ ಇಟಲಿಯದ್ದು. ಬೇರು, ತೊಗಟೆ, ಸೊಪ್ಪು, ಹಣ್ಣಿನ ಸಿಪ್ಪೆ ಎಲ್ಲವನ್ನೂ ಮದ್ಯದಲ್ಲಿ ನೆನೆಹಾಕಿ, ಸೋಸಿ, ಸಕ್ಕರೆ ಸೇರಿಸಿ ಮಾಡುತ್ತಾರೆ. ಅಲ್ಲಿನವರು ಊಟ ಆದಮೇಲೆ ಸಣ್ಣ ಗ್ಲಾಸಿನಲ್ಲಿ ಕುಡಿಯುತ್ತಾರೆ. ಬ್ರ್ಯಾಂಡುಗಳಲ್ಲಿ ಸಿಸಿಲಿಯ ಅವೆರ್ನಾ 1868ರಿಂದ ಇದೆ, ಬೊಲೊನ್ಯಾದ ಮೊಂಟೆನೆಗ್ರೊ 1885ರಿಂದ. ಅವೆರ್ನಾ ದಪ್ಪ, ಸ್ವಲ್ಪ ಕಪ್ಪು ರುಚಿ. ಮೊಂಟೆನೆಗ್ರೊ ಹಗುರ, ಕಿತ್ತಳೆ ಪರಿಮಳ. ಮೊದಲ ಸಲ ಮಾಡುವವರಿಗೆ ನಾನು ಅವೆರ್ನಾ ಅನ್ನುತ್ತೇನೆ. ಎಷ್ಟೋ ಅಮಾರೊಗಳ ಕಹಿ ಜೆನ್ಶಿಯನ್ ಬೇರಿನಿಂದ ಬರುತ್ತದೆ. ನಮ್ಮ ಹಿರಿಯರು ಜ್ವರಕ್ಕೆ ಕುದಿಸಿ ಕೊಡುತ್ತಿದ್ದ ಕಿರಾತಕಡ್ಡಿ ಅದೇ ಕುಟುಂಬದ ಗಿಡ.

ಕಹಿ ಅಂದರೆ ಮುಖ ಸಿಂಡರಿಸುವವರು ಹಾಗಲಕಾಯಿ ಗೊಜ್ಜು ನೆನಪು ಮಾಡಿಕೊಳ್ಳಿ. ಅಲ್ಲಿ ಬೆಲ್ಲ ಕಹಿಯನ್ನು ಓಡಿಸುವುದಿಲ್ಲ, ಜೊತೆಗೆ ಕೂರಿಸುತ್ತದೆ. ಅಮಾರೊದಲ್ಲಿ ಆ ಕೆಲಸ ಆಗಿಯೇ ಬಂದಿರುತ್ತದೆ. ಹಾಗಾಗಿ ಶಿರಸಿ ಕಡೆಯ ಗೆಳೆಯರು ಜೋನಿ ಬೆಲ್ಲ ಹಾಕಲಾ ಅಂದರೆ ಬೇಡ ಅನ್ನುತ್ತೇನೆ. ಸಿಹಿ ಜಾಸ್ತಿಯಾದರೆ ಎರಡನೇ ಗುಟುಕಿಗೇ ಬೇಜಾರು ಬರುತ್ತದೆ.

ಟಕೀಲಾ ಕೊಳ್ಳುವಾಗ ಲೇಬಲ್ ಓದಿ. ನೂರಕ್ಕೆ ನೂರು ಅಗಾವೆ ಅಂತ ಬರೆದಿರಬೇಕು. ಇಲ್ಲದಿದ್ದರೆ ಅದರಲ್ಲಿ ಅರ್ಧದ ಹತ್ತಿರ ಬೇರೆ ಸಕ್ಕರೆಯಿಂದ ಬಂದಿರಬಹುದು. ಮೆಕ್ಸಿಕೊದ ಕಾನೂನು 51 ಶೇಕಡಾ ಅಗಾವೆ ಇದ್ದರೂ ಟಕೀಲಾ ಅನ್ನಲು ಬಿಡುತ್ತದೆ. ಬಯಲುಸೀಮೆಯ ಬೇಲಿಯಲ್ಲಿ ಬೆಳೆಯೋ ಕತ್ತಾಳೆಯ ಜಾತಿಯದೇ ನೀಲಿ ಅಗಾವೆ. ಅದರ ಗಡ್ಡೆ ಬಲಿಯಲು ವರ್ಷಗಟ್ಟಲೆ ಬೇಕು. ಈ ಪಾನೀಯಕ್ಕೆ ರೆಪೊಸಾಡೊ ಆರಿಸಿ. ಕನಿಷ್ಠ ಎರಡು ತಿಂಗಳು ಓಕ್ ಮರದ ಪೀಪಾಯಿಯಲ್ಲಿ ಇದ್ದು ಬಂದಿರುತ್ತದೆ, ಮರದ ಮೃದು ರುಚಿ ಕಹಿಗೆ ಒಗ್ಗುತ್ತದೆ. ಬಿಳಿ ಟಕೀಲಾ ಹಸಿ ಹಸಿ, ಖಾರ. ಅದು ನಿಂಬೆರಸದ ಜೊತೆಗೇ ಚೆಂದ.

ಈಗ ಐಸಿನ ವಿಷಯ. ನನ್ನ ಪ್ರಕಾರ ಇಲ್ಲಿ ಎಲ್ಲಕ್ಕಿಂತ ಮುಖ್ಯ ಸಾಮಾನು ಇದು. ಹೆಚ್ಚಿನವರು ಇದಕ್ಕೇ ಗಮನ ಕೊಡುವುದಿಲ್ಲ. ಐಸು ಪಾನೀಯವನ್ನು ತಣ್ಣಗೆ ಮಾಡುವುದು ಕರಗುತ್ತಾ. ಒಂದು ಗ್ರಾಂ ಐಸು ಕರಗಲು ಸುಮಾರು 80 ಕ್ಯಾಲೊರಿ ಶಾಖ ಎಳೆದುಕೊಳ್ಳುತ್ತದೆ. ಅಂದರೆ ತಂಪು ಬೇಕು, ನೀರು ಬೇಡ ಅಂದರೆ ನಡೆಯೋಲ್ಲ. ಆ ನೀರು ಬೇಕು ಕೂಡ. ಅದು ಸೇರಿದ ಮೇಲೇ ಮದ್ಯದ ಉರಿ ಇಳಿದು ಅಮಾರೊದ ಬೇರು, ಸಿಪ್ಪೆಯ ವಾಸನೆ ಬಿಚ್ಚಿಕೊಳ್ಳುತ್ತದೆ.

ನಮ್ಮ ಕರಾವಳಿಯ ಸೆಕೆಯಲ್ಲಿ ಐಸನ್ನು ಹೊರಗೆ ಸ್ವಲ್ಪ ಹೊತ್ತು ಇಟ್ಟರೂ ಮೈಯೆಲ್ಲ ಒದ್ದೆ. ಆ ನೀರು ಆಗಲೇ ಕರಗಿದ್ದು, ತಂಪು ಜಾಸ್ತಿ ಕೊಡದೆ ಸುಮ್ನೆ ತೆಳು ಮಾಡುತ್ತದೆ. ಹಾಗಾಗಿ ಟಕೀಲಾ, ಅಮಾರೊ, ಉಪ್ಪುನೀರು ಮೊದಲು ಪಾತ್ರೆಗೆ ಹಾಕಿಕೊಂಡು, ಆಮೇಲೆ ಐಸನ್ನು ಫ್ರೀಜರಿನಿಂದ ನೇರ ತನ್ನಿ. ದೊಡ್ಡ ತುಂಡುಗಳೇ ಇರಲಿ. ಬೈತಖೋಲ ಬಂದರಿನಲ್ಲಿ ಬೋಟಿಗೆ ತುಂಬೋ ಐಸು ಮಾತ್ರ ಬೇಡವೇ ಬೇಡ, ಅದು ಮೀನಿಗೆ ಮಾಡಿದ್ದು.

ಪಾತ್ರೆಗೆ ಸ್ಟೀಲಿನ ದೊಡ್ಡ ಲೋಟ ಆಗುತ್ತದೆ. ಮೊದಲೇ ಫ್ರೀಜರಿನಲ್ಲಿಟ್ಟಿರಿ. ಉದ್ದ ಹಿಡಿಯ ಚಮಚದ ಬೆನ್ನು ಲೋಟದ ಗೋಡೆಗೆ ತಾಗಿಕೊಂಡೇ ಸುತ್ತಲಿ, ಐಸು ಒಟ್ಟಿಗೆ ತಿರುಗಲಿ. ಕುಲುಕಬೇಡಿ. ಹಣ್ಣಿನ ರಸ ಇದ್ದರೆ ಕುಲುಕಬೇಕು, ಇಲ್ಲಿ ರಸವಿಲ್ಲ. ಕುಲುಕಿದರೆ ಗಾಳಿ ಸೇರಿ ಮಸುಕಾಗುತ್ತದೆ, ನುಣುಪು ಹೋಗುತ್ತದೆ. ಅರ್ಧ ನಿಮಿಷ ಆದಮೇಲೆ ಚಮಚದಲ್ಲಿ ತೆಗೆದು ರುಚಿ ನೋಡಿ. ಗಂಟಲು ಸುಟ್ಟರೆ ಇನ್ನೂ ಹತ್ತು ಸುತ್ತು. 70 ಎಂಎಲ್ ಇದ್ದದ್ದು ಸುಮಾರು 90ಕ್ಕೆ ಬಂದಿರುತ್ತದೆ. ತಣ್ಣಗಿನ ಗ್ಲಾಸಿಗೆ ಸೋಸಿ.

ಉಪ್ಪುನೀರು ಯಾಕೆ ಅಂತೀರಾ? ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಒಂದು ಚಮಚ ಸಾಣಿಕಟ್ಟಾದ ಉಪ್ಪನ್ನು ನಾಲ್ಕು ಚಮಚ ನೀರಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿಡಿ. ಎರಡೇ ಹನಿ, ಉಪ್ಪಿನ ರುಚಿ ನಾಲಿಗೆಗೆ ಗೊತ್ತಾಗಬಾರದು. ಕೊನೆಗೆ ಕಿತ್ತಳೆ ಸಿಪ್ಪೆ. ಒಳಗಿನ ಬಿಳಿ ಭಾಗ ಬಿಟ್ಟು ತೆಳ್ಳಗೆ ಹೆರೆದು, ಬಣ್ಣದ ಬದಿ ಕೆಳಗೆ ಮಾಡಿ ಗ್ಲಾಸಿನ ಮೇಲೆ ಹಿಂಡಿ. ಬೆಳಕಿಗೆ ಹಿಡಿದು ನೋಡಿದರೆ ಎಣ್ಣೆಯ ಸಣ್ಣ ಹನಿಗಳು ಮೇಲೆ ಹರಡುವುದು ಕಾಣುತ್ತದೆ.

ಗ್ಲಾಸು ಚಿಕ್ಕದು ಅಂತ ಹಗುರವಾಗಿ ತಗೋಬೇಡಿ. ಇದರಲ್ಲಿ ಹೆಚ್ಚುಕಡಿಮೆ ಒಂದು ಲಾರ್ಜ್ ವಿಸ್ಕಿಯಷ್ಟು ಮದ್ಯ ಇದೆ. ಊಟ ಆದಮೇಲೆ ಒಂದು, ನಿಧಾನಕ್ಕೆ. ಅವತ್ತು ಗಾಡಿ ಕೀ ಮುಟ್ಟಬೇಡಿ.

ಉಳಿದ ಅಮಾರೊವನ್ನು ಫ್ರಿಜ್‌ನಲ್ಲಿ ಇಡಬೇಕಿಲ್ಲ, ಬಿಸಿಲು ಬೀಳದ ಕಪಾಟು ಸಾಕು. ಆದರೆ ಬಾಟಲಿಯ ಕಂಠಕ್ಕೆ ಸಕ್ಕರೆ ಅಂಟಿಕೊಂಡಿರುತ್ತದೆ, ಇರುವೆ ಮುತ್ತುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮುಚ್ಚಳ ಬಿಗಿಮಾಡಿ ಇಡಿ.