ಹೊಟ್ಟೆಗೆ ಬೇಳೆಯೂ ಒಂದೇ, ಮದ್ದೂ ಒಂದೇ

ನಮಸ್ಕಾರ. ಕಲಬುರಗಿಯಲ್ಲಿ ಔಷಧ ವಿಜ್ಞಾನ ಪಾಠ ಮಾಡುವವನು ನಾನು. ಪೆಪ್ಟೈಡ್ ಮದ್ದುಗಳ ಬಗ್ಗೆ ಹೇಳಿ ಅಂತ ಕರೆದಿದ್ದಾರೆ. ಹೆಸರು ಕೇಳಿ ರೇಡಿಯೋ ಬಂದ್ ಮಾಡಬೇಡಿ, ಇದು ನಿಮ್ಮ ಅಡುಗೆಮನೆಯದೇ ವಿಷಯ. ತೊಗರಿಬೇಳೆಯಲ್ಲಿ ಪ್ರೋಟೀನ್ ಇದೆ ಅಂತೀವಲ್ಲ, ಅದು ಅಮೈನೋ ಆಮ್ಲ ಅನ್ನುವ ಮಣಿಗಳ ಉದ್ದನೆಯ ಸರ. ಅದೇ ಮಣಿಗಳ ಗಿಡ್ಡ ಸರ ಪೆಪ್ಟೈಡ್. ಇನ್ಸುಲಿನ್‌ನಲ್ಲಿ 51 ಮಣಿ. ಬೇಳೆ ತಿಂದರೆ ಹೊಟ್ಟೆ ಆ ಸರ ಹರಿದು ಹಾಕುತ್ತದೆ. ಮದ್ದಿನ ಸರ ಬಂದರೂ ಅಷ್ಟೇ, ಅದಕ್ಕೇನು ಗೊತ್ತು? ಹಾಗಾಗಿ ಈ ಮದ್ದು ಮಾಡೋದಕ್ಕಿಂತ ಮುಟ್ಟಿಸೋದು ಕಷ್ಟ.

ನಮ್ಮ ದೊಡ್ಡಪ್ಪನಿಗೆ ಸೂಜಿ ಅಂದರೆ ಆಗದು. ಸೇಡಂ ಹತ್ತಿರದ ಹಳ್ಳಿ, ಎತ್ತಿಗೆ ಹೆದರದ ಮನುಷ್ಯ, ಇನ್ಸುಲಿನ್ ಸೂಜಿ ಕಂಡರೆ ಹಿತ್ತಲಿಗೆ ಹೋಗಿಬಿಡೋರು. ಆಮೇಲೆ ಒಂದು ವಾರ ಜಗಳವೇ ಇಲ್ಲ, "ನಾನೇ ತಗೋತೀನಿ" ಅಂತ ಬಾಟಲಿ ಹಿಡಿದು ಒಳಗೆ ಹೋಗೋರು, ನಗುನಗುತ್ತಾ ಬರೋರು. ಆದರೆ ಸಕ್ಕರೆ ಏರುತ್ತಲೇ ಇತ್ತು. ಡಾಕ್ಟರು ಡೋಸ್ ಜಾಸ್ತಿ ಮಾಡಿದರು, ಆಗಲೂ ಇಳಿಯಲಿಲ್ಲ. ಕೊನೆಗೆ ದೊಡ್ಡಮ್ಮ ಕಂಡುಹಿಡಿದರು: ಮನುಷ್ಯ ಇನ್ಸುಲಿನ್ ಅನ್ನು ಬೇಳೆಸಾರಿಗೆ ಹಾಕಿ, ಅದರಲ್ಲಿ ರೊಟ್ಟಿ ಮುರಿದು ಉಣ್ಣುತ್ತಿದ್ದರು! ಕೇಳಿದರೆ, "ಚುಚ್ಚಿದ್ರೂ ಒಳಗ ಹೋಗ್ತದ, ಕುಡಿದ್ರೂ ಒಳಗ ಹೋಗ್ತದ, ಸುಮ್ನೆ ಯಾಕ ಚುಚ್ಕೋಬೇಕು?" ನಾವೆಲ್ಲ ನಕ್ಕೆವು. ಆದರೆ ಏರಿಸಿದ ಆ ಡೋಸನ್ನು ಒಂದು ದಿನ ನಿಜವಾಗಿ ಚುಚ್ಚಿಕೊಂಡಿದ್ದರೆ ಸಕ್ಕರೆ ಪಾತಾಳಕ್ಕೆ ಇಳಿದು ಜೀವಕ್ಕೇ ಬರುತ್ತಿತ್ತು. ಅವರ ಪ್ರಶ್ನೆ ಮಾತ್ರ ಸರಿಯಾಗೇ ಇತ್ತು. ದೊಡ್ಡ ದೊಡ್ಡ ಕಂಪನಿಗಳು ಇವತ್ತಿಗೂ ಅದೇ ಪ್ರಶ್ನೆ ಹಿಡಿದು ಕೂತಿವೆ.

ಅಯ್ಯೋ, ಟೈಮ್ ಹೋಯಿತು. ಬೇಗ ಹೇಳ್ತೀನಿ.

ಮಿದುಳಿನದು ಇನ್ನೂ ಕಷ್ಟ. ಬೀದರ್ ಕೋಟೆಯ ಮೂರು ಸುತ್ತಿನ ಕಂದಕ ನೋಡಿದ್ದೀರಲ್ವಾ? ಮಿದುಳು, ಬೆನ್ನುಹುರಿಯ ರಕ್ತನಾಳಗಳಿಗೂ ಅಂಥ ಕಾವಲಿದೆ, ರಕ್ತಕ್ಕೆ ಇಂಥ ಮದ್ದು ಸೇರಿದರೂ ಸುಲಭಕ್ಕೆ ಒಳಗೆ ಬಿಡೋದಿಲ್ಲ. ಸಮುದ್ರದ ಒಂದು ಬಸವನಹುಳು ಮೀನಿಗೆ ಚುಚ್ಚುವ ವಿಷದಿಂದ ಝಿಕೊನೊಟೈಡ್ ಅನ್ನುವ ನೋವಿನ ಮದ್ದು ಬಂತು, 25 ಮಣಿಯದು. ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕಿತು. ಬೇರೆ ಯಾವುದಕ್ಕೂ ಬಗ್ಗದ ನೋವಿಗೆ ಕೊಡುತ್ತಾರೆ. ಹೇಗೆ? ಕಾವಲು ದಾಟಲಾಗದೆ, ಪಂಪ್ ಇಟ್ಟು ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಹನಿ ಹನಿಯಾಗಿ ಬಿಡುತ್ತಾರೆ.

ವೈರಸ್ಸಿಗೂ ಪೆಪ್ಟೈಡ್ ಮದ್ದು ಬಂತು. ಎಚ್‌ಐವಿ ಜೀವಕೋಶಕ್ಕೆ ಅಂಟಿ ಒಳನುಗ್ಗುವ ಗಳಿಗೆಯಲ್ಲೇ ತಡೆಯುವ ಎನ್‌ಫುವಿರ್ಟೈಡ್, 36 ಮಣಿ, 2003ರದು. ಒಳ್ಳೆ ಮದ್ದೇ. ಆದರೆ ದಿನಕ್ಕೆ ಎರಡು ಸಲ ಚುಚ್ಚಬೇಕಿತ್ತು, ಚುಚ್ಚಿದಲ್ಲಿ ಗಂಟು. ನಮ್ಮ ದೊಡ್ಡಪ್ಪನ ಮುಂದೆ ಇದರ ಹೆಸರೂ ಎತ್ತುವ ಹಾಗಿಲ್ಲ.

ಗಾಜಿನಾಚೆ ಕೈ ತೋರಿಸುತ್ತಿದ್ದಾರೆ, ಒಂದೇ ಮಾತು. ಈ ಸರಗಳಿಗೆ ನಮ್ಮ ಬಿಸಿಲೂ ಆಗದು. ಇನ್ಸುಲಿನ್ ಬಾಟಲಿಯನ್ನು ಕಿಟಕಿಯಲ್ಲಿ, ಟಿವಿ ಮೇಲೆ ಇಡಬೇಡಿ. ಫ್ರಿಜ್ಜಿನ ಬಾಗಿಲಲ್ಲಿಡಿ, ಐಸ್ ಕಟ್ಟುವ ಡಬ್ಬಿಯಲ್ಲಿ ಬೇಡ. ಫ್ರಿಜ್ ಇಲ್ಲವಾ? ನೀರು ಚಿಮುಕಿಸಿದ ಮಣ್ಣಿನ ಗಡಿಗೆಯಲ್ಲಿ, ನೀರು ತಾಗದ ಹಾಗೆ ನೆರಳಲ್ಲಿಡಿ. ಸಾರಿನ ಹತ್ತಿರ ಮಾತ್ರ ಬೇಡ.